ವಾಚನಾಲಯದ 8 ಹಳೆಯ ಕಂಪ್ಯೂಟರ್‌ಗಳಿಗೆ ಲಿನಕ್ಸ್: ಒಬ್ಬರು ಎದ್ದುಹೋದ ಮೇಲೆ ಅವರದು ಏನೂ ಉಳಿಯಬಾರದು

ಓದುಮನೆ (ಪ್ರಶ್ನೆ):

ನಮಸ್ಕಾರ. ಬೆಂಗಳೂರಿನ ವಿಜಯನಗರದ ಕಡೆ ನಿವಾಸಿಗಳ ಸಂಘವೊಂದು ನಡೆಸುವ ವಾಚನಾಲಯಕ್ಕಾಗಿ ಕೇಳುತ್ತಿದ್ದೇನೆ. ಸಾರ್ವಜನಿಕರಿಗೆ ಬಿಟ್ಟಿರುವ 8 ಡೆಸ್ಕ್‌ಟಾಪ್‌ಗಳಿವೆ. ಎಲ್ಲವೂ ನಾಲ್ಕನೇ ತಲೆಮಾರಿನ ಐ3, 4 ಜಿಬಿ ಡಿಡಿಆರ್3 ರ‍್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಬೆಂಬಲ ನಿಂತಿತು, ವಿಂಡೋಸ್ 11 ಈ ಪ್ರೊಸೆಸರ್‌ಗಳನ್ನು ಒಪ್ಪುವುದಿಲ್ಲ. ಲಿನಕ್ಸ್ ಹಾಕಲು ಸಮಿತಿ ಒಪ್ಪಿದೆ.

ಬರುವವರಲ್ಲಿ ಹೆಚ್ಚಿನವರು ಕೆಪಿಎಸ್‌ಸಿ, ಕೆಇಎ ಅರ್ಜಿ ತುಂಬುವ ಹುಡುಗ ಹುಡುಗಿಯರು, ಸೇವಾ ಸಿಂಧು ಮತ್ತು ಡಿಜಿಲಾಕರ್ ನೋಡುವವರು, ರೆಸ್ಯೂಮೆ ಟೈಪ್ ಮಾಡಿ ಪ್ರಿಂಟ್ ತೆಗೆಸುವವರು. ಒಬ್ಬರ ಜಿಮೇಲ್ ತೆರೆದೇ ಇರುತ್ತದೆ, ಮುಂದಿನವರು ಬಂದು ಕೂರುತ್ತಾರೆ. ಡೌನ್‌ಲೋಡ್ಸ್ ಫೋಲ್ಡರ್ ತುಂಬಾ ಬೇರೆಯವರ ಆಧಾರ್ ಪಿಡಿಎಫ್. ಕೇಳಬೇಕಾದ್ದು ಇಷ್ಟು: ಯಾವ ಲಿನಕ್ಸ್? ಪ್ರತಿ ಓದುಗರ ನಂತರ ಎಲ್ಲ ಅಳಿಸುವುದು ಹೇಗೆ? ಒಬ್ಬರಿಗೆ 45 ನಿಮಿಷ ಅಂತ ಮಿತಿ ಹಾಕಬಹುದೇ? ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿ ಅಭ್ಯಾಸ ಇರುವವರಿಗೆ ಏನು ದಾರಿ? ಪ್ರಿಂಟರ್ ಎಚ್‌ಪಿ ಲೇಸರ್‌ಜೆಟ್ 1020.

ತಂತಿಜಾಲ:

ಮೊದಲು ಯಂತ್ರ, ಆಮೇಲೆ ಲಿನಕ್ಸ್. ಹಾರ್ಡ್ ಡಿಸ್ಕ್ ಹಾಗೇ ಬಿಟ್ಟರೆ ಯಾವ ಲಿನಕ್ಸ್ ಹಾಕಿದರೂ ನಿಧಾನವೇ. ಒಂದೊಂದಕ್ಕೂ 240 ಜಿಬಿ ಸಾಟಾ ಎಸ್‌ಎಸ್‌ಡಿ ಮತ್ತು ಇನ್ನೊಂದು 4 ಜಿಬಿ ರ‍್ಯಾಮ್ ಹಾಕಿಸಿ. ಎಸ್.ಪಿ. ರೋಡಿನ ಕಂಪ್ಯೂಟರ್ ಅಂಗಡಿಗಳಿಗೆ ಹೋಗುವಾಗ ಹಳೆಯ ರ‍್ಯಾಮ್ ಒಂದನ್ನು ಕಿತ್ತು ಜೊತೆಗೆ ಒಯ್ಯಿರಿ. ಚಿಕ್ಕ ಡಬ್ಬಿಯ ಡೆಸ್ಕ್‌ಟಾಪ್‌ಗಳಲ್ಲಿ ಕೆಲವಕ್ಕೆ ಲ್ಯಾಪ್‌ಟಾಪಿನ ಗಿಡ್ಡ ರ‍್ಯಾಮೇ ಬೇಕು, ಬಾಯಲ್ಲಿ ಹೇಳಿದರೆ ಅಂಗಡಿಯವರು ಉದ್ದದ್ದನ್ನೇ ಕೊಡುತ್ತಾರೆ. ಹಾಗೆಯೇ 8 ಸಿಆರ್2032 ಬಿಲ್ಲೆ ಸೆಲ್ ತನ್ನಿ. ಇಷ್ಟು ಹಳೆಯ ಬೋರ್ಡುಗಳಲ್ಲಿ ಸೆಲ್ ಸತ್ತಿರುವ ಸಂಭವವೇ ಹೆಚ್ಚು. ಸತ್ತರೆ ಕರೆಂಟ್ ಹೋಗಿ ಬಂದಾಗ ದಿನಾಂಕ ವರ್ಷಗಟ್ಟಲೆ ಹಿಂದೆ ಹೋಗುತ್ತದೆ, ಬ್ಯಾಂಕ್, ಡಿಜಿಲಾಕರ್ ಎಲ್ಲವೂ ‘ಸಂಪರ್ಕ ಸುರಕ್ಷಿತವಲ್ಲ’ ಎನ್ನುತ್ತವೆ, ಬೈಗುಳ ಮಾತ್ರ ಲಿನಕ್ಸ್‌ಗೆ.

ಲಿನಕ್ಸ್ ಮಿಂಟ್ 22ರ ಸರಣಿಯ ಎಕ್ಸ್‌ಎಫ್‌ಸಿಇ (ಹಗುರವಾದ ಡೆಸ್ಕ್‌ಟಾಪ್) ಆವೃತ್ತಿ ಹಾಕಿ. ಉಬುಂಟು 24.04ರ ಮೇಲೆ ಕಟ್ಟಿದ್ದು, 2029ರವರೆಗೆ ಅಪ್‌ಡೇಟ್ ಬರುತ್ತದೆ. ನೇರ ಉಬುಂಟುವೇ ಯಾಕೆ ಬೇಡ ಅಂದರೆ, ಅಲ್ಲಿ ಫೈರ್‌ಫಾಕ್ಸ್ ಸ್ನ್ಯಾಪ್ ರೂಪದಲ್ಲಿ (ಉಬುಂಟುವಿನದೇ ಆದ, ಬೇಲಿಯೊಳಗೆ ಓಡುವ ಪ್ಯಾಕೇಜು) ಬರುತ್ತದೆ. ಗೆಸ್ಟ್ ಸೆಷನ್ನಿನ (ಪಾಸ್‌ವರ್ಡ್ ಇಲ್ಲದೆ ಬಂದು ಹೋಗುವವರ ಖಾತೆ) ಹೋಮ್ ಫೋಲ್ಡರ್ ತಾತ್ಕಾಲಿಕ ಜಾಗದಲ್ಲಿ ಇರುವುದರಿಂದ ಸ್ನ್ಯಾಪ್ ಆ್ಯಪ್‌ಗಳು ಅಲ್ಲಿ ಏಳುವುದೇ ಇಲ್ಲ. ಮಿಂಟ್‌ನ ಫೈರ್‌ಫಾಕ್ಸ್ ಮಾಮೂಲಿ ಪ್ಯಾಕೇಜು, ಆ ತೊಂದರೆ ಇಲ್ಲ.

ಅಳಿಸುವ ಕೆಲಸಕ್ಕೆ ಎರಡು ಪದರ ಬೇಕು, ಒಂದರಿಂದ ಆಗುವುದಿಲ್ಲ. ಮೊದಲನೆಯದು ಗೆಸ್ಟ್ ಸೆಷನ್. ಸಿಸ್ಟಮ್ ಸೆಟ್ಟಿಂಗ್ಸ್‌ನಲ್ಲಿ ಲಾಗಿನ್ ವಿಂಡೋ, ಅದರೊಳಗೆ ಯೂಸರ್ಸ್, ಅಲ್ಲಿ ಗೆಸ್ಟ್ ಸೆಷನ್ ಅನುಮತಿಸಿ. ಓದುಗರು ಲಾಗ್ ಔಟ್ ಆದ ಕ್ಷಣ ಅವರ ಹೋಮ್ ಫೋಲ್ಡರ್ ಪೂರ್ತಿ ಹೋಗುತ್ತದೆ: ಜಿಮೇಲ್, ಡೌನ್‌ಲೋಡ್, ವಾಲ್‌ಪೇಪರ್ ಎಲ್ಲ. 2017ರಲ್ಲಿ ಈ ಗೆಸ್ಟ್ ಸೆಷನ್ನಿನ ಸುತ್ತಲಿನ ಬೇಲಿಯಲ್ಲಿ ಲೋಪ ಸಿಕ್ಕಿ ಉಬುಂಟು ಅದನ್ನು ಪೂರ್ವನಿಯೋಜಿತವಾಗಿ ಆಫ್ ಮಾಡಿತು. ಗೆಸ್ಟ್ ಆಗಿ ಬಂದವರು ಬೇರೆ ಬಳಕೆದಾರರ ತೆರೆದ ಫೈಲುಗಳನ್ನು ಓದಬಹುದು ಎನ್ನುವುದು ಅದರ ಸಾರ. ಆದ್ದರಿಂದ ಅಡ್ಮಿನ್ ಖಾತೆಯ ಹೋಮ್ ಫೋಲ್ಡರಿನ ಅನುಮತಿಯನ್ನು 700 (ಆ ಖಾತೆಯವರ ಹೊರತು ಬೇರೆ ಬಳಕೆದಾರರು ತೆರೆಯದ ಹಾಗೆ) ಮಾಡಿ, ಆ ಯಂತ್ರದಲ್ಲಿ ಸಂಘದ ಲೆಕ್ಕಪತ್ರ ಏನೂ ಇಡಬೇಡಿ.

ಎರಡನೆಯದು ಓವರ್‌ಲೇರೂಟ್. ಪ್ಯಾಕೇಜು ಹಾಕಿ, ಈಟಿಸಿ ಫೋಲ್ಡರಿನಲ್ಲಿರುವ ಅದರ ಕಾನ್ಫಿಗ್ ಫೈಲಿನಲ್ಲಿ ‘ಟಿಎಂಪಿಎಫ್‌ಎಸ್’ ಅಂತ ಕೊಟ್ಟರೆ ಡಿಸ್ಕ್ ಓದುವುದಕ್ಕೆ ಮಾತ್ರ, ಬರೆಯುವುದೆಲ್ಲ ರ‍್ಯಾಮಿಗೆ. ರೀಸ್ಟಾರ್ಟ್ ಮಾಡಿದರೆ ಯಂತ್ರ ಮೊದಲಿನ ಹಾಗೆ. ಬೆಸ್ಕಾಂನವರು ಹೇಳದೆ ಕರೆಂಟ್ ತೆಗೆದರೂ ಫೈಲ್ ಸಿಸ್ಟಮ್ ಕೆಡುವುದಿಲ್ಲ, ನನ್ನ ಲೆಕ್ಕದಲ್ಲಿ ಇದೇ ಅದರ ದೊಡ್ಡ ಲಾಭ. ತೊಂದರೆ ಎಲ್ಲಿ ಬರುತ್ತದೆ ಅಂದರೆ, ರೀಸ್ಟಾರ್ಟ್ ಇಲ್ಲದೆ ದಿನವಿಡೀ ಓಡಿದರೆ ಲಾಗ್ ಫೈಲು, ತಾತ್ಕಾಲಿಕ ಫೈಲು ಸೇರಿ ರ‍್ಯಾಮ್ ತಿನ್ನುತ್ತವೆ. ಜೊತೆಗೆ ಅದು ಡಿಸ್ಕಿನ ಸ್ವಾಪನ್ನೂ (ರ‍್ಯಾಮ್ ಸಾಲದಾಗ ಬಳಸುವ ಜಾಗ) ಸುಮ್ಮನೆ ಆಫ್ ಮಾಡುತ್ತದೆ. 8 ಜಿಬಿ ಮಾಡಿ ಎಂದದ್ದು ಇದಕ್ಕೇ. ರ‍್ಯಾಮಿನೊಳಗೇ ಒತ್ತಿ ಇಡುವ ಸ್ವಾಪ್ ಆದ ಝಡ್‌ರ‍್ಯಾಮ್ ಹಾಕಿ, ಮಧ್ಯಾಹ್ನ ಊಟದ ಹೊತ್ತಿಗೆ ಒಮ್ಮೆ ಎಲ್ಲವನ್ನೂ ರೀಸ್ಟಾರ್ಟ್ ಮಾಡಿ.

ಅಪ್‌ಡೇಟ್‌ಗೆ ಗ್ರಬ್ ಮೆನುವಿನಲ್ಲಿ (ಯಂತ್ರ ಏಳುವಾಗಿನ ಆಯ್ಕೆಪಟ್ಟಿ) ಕರ್ನಲ್, ಅಂದರೆ ಲಿನಕ್ಸಿನ ತಿರುಳು, ಅದರ ಸಾಲಿನ ಕೊನೆಗೆ ‘ಓವರ್‌ಲೇರೂಟ್ ಸಮ ಡಿಸೇಬಲ್ಡ್’ ಎಂಬ ಆಯ್ಕೆ ಸೇರಿಸಿ ಬೂಟ್ ಮಾಡಿ, ಅಪ್‌ಡೇಟ್ ಮುಗಿಸಿ, ಮಾಮೂಲಿಯಾಗಿ ರೀಸ್ಟಾರ್ಟ್ ಮಾಡಿ. ಇದಕ್ಕೆಂದೇ ಓವರ್‌ಲೇರೂಟ್-ಕ್ರೂಟ್ ಎಂಬ ಆಜ್ಞೆಯೂ ಇದೆ. ಸಣ್ಣ ಪ್ಯಾಕೇಜಿಗೆ ಸರಿ, ಕರ್ನಲ್ ಅಪ್‌ಡೇಟ್ ಮಾತ್ರ ಅದರೊಳಗೆ ಮಾಡಬೇಡಿ.

ಇದೇ ಗ್ರಬ್ ಸಾಲನ್ನು ಓದುಗರೂ ತಿದ್ದಬಹುದಲ್ಲ. ಆದ್ದರಿಂದ ಗ್ರಬ್‌ಗೆ ಪಾಸ್‌ವರ್ಡ್, ಬಯಾಸ್‌ಗೆ ಪಾಸ್‌ವರ್ಡ್, ಪೆನ್‌ಡ್ರೈವ್‌ನಿಂದ ಬೂಟ್ ಆಗುವುದು ಬಂದ್. ಗ್ರಬ್‌ಗೆ ಪಾಸ್‌ವರ್ಡ್ ಇಟ್ಟು ಮೆನು ಸಾಲಿಗೆ ‘ಅನ್‌ರಿಸ್ಟ್ರಿಕ್ಟೆಡ್’ ಆಯ್ಕೆ ಸೇರಿಸದಿದ್ದರೆ ಪ್ರತಿ ಬೆಳಿಗ್ಗೆ 8 ಯಂತ್ರಗಳೂ ಪಾಸ್‌ವರ್ಡ್ ಕೇಳುತ್ತಾ ನಿಲ್ಲುತ್ತವೆ, ಬೀಗದ ಕೈ ಇರುವ ಸಿಬ್ಬಂದಿಗೆ ಅದು ಗೊತ್ತಿರುವುದಿಲ್ಲ.

ಒಂದೇ ಯಂತ್ರವನ್ನು ಪೂರ್ತಿ ಸಿದ್ಧ ಮಾಡಿ, ಡಿಸ್ಕಿನ ನಕಲು (ಇಮೇಜ್) ತೆಗೆಯುವ ಕ್ಲೋನ್‌ಜಿಲ್ಲಾದಿಂದ ಉಳಿದ ಏಳಕ್ಕೆ ಇಳಿಸಿ. ಪಾರ್ಟಿಷನ್ ಮಾಡುವಾಗ ಕೊನೆಯಲ್ಲಿ 10 ಜಿಬಿಯಷ್ಟು ಖಾಲಿ ಬಿಡಿ. ಬೇರೆ ಬೇರೆ ಕಂಪನಿಯ ‘240 ಜಿಬಿ’ಗಳು ಅಳತೆಯಲ್ಲಿ ತುಸು ಹೆಚ್ಚು ಕಡಿಮೆ, ಗುರಿ ಡಿಸ್ಕ್ ಕೂದಲೆಳೆಯಷ್ಟು ಚಿಕ್ಕದಾದರೂ ಕ್ಲೋನ್‌ಜಿಲ್ಲಾ ನಿರಾಕರಿಸುತ್ತದೆ. ಆಗ ಅಳತೆ ಪರೀಕ್ಷೆ ಬಿಟ್ಟುಬಿಡುವ ಆಯ್ಕೆ ಕೊಟ್ಟು ಮುಂದುವರಿಸಬಹುದು, ಪಾರ್ಟಿಷನ್ ಒಳಗೆ ಹಿಡಿಯುತ್ತದೆ ಎಂಬ ಖಾತ್ರಿ ಇದ್ದರೆ ಮಾತ್ರ. ಇಮೇಜ್ ತೆಗೆಯುವ ಮುಂಚೆ ಯಂತ್ರದ ಗುರುತುಸಂಖ್ಯೆ ಇರುವ ಮೆಷಿನ್-ಐಡಿ ಫೈಲನ್ನು ಖಾಲಿ ಮಾಡಿ, ಇಳಿಸಿದ ಮೇಲೆ ಪ್ರತಿಯೊಂದಕ್ಕೂ ಹೊಸ ಹೆಸರು ಕೊಡಿ. ಕೊನೆಗೆ ಓವರ್‌ಲೇ ಆನ್. ಅನುಕ್ರಮ ತಪ್ಪಿದರೆ ಕೊಟ್ಟ ಹೆಸರೇ ಮರುದಿನ ಮಾಯ.

ಜಗಲಿಕಟ್ಟೆ:

ತಂತಿಜಾಲ ಅವರ ಎರಡು ಪದರದ ಮಾತು ಸರಿ. ಆದರೆ ಓದುಮನೆ ಅವರ 45 ನಿಮಿಷದ ಪ್ರಶ್ನೆ ಹಾಗೇ ಉಳಿಯಿತು, ಸಿಕ್ಕು ಇರುವುದೂ ಅಲ್ಲೇ.

ಸಾಮಾನ್ಯವಾಗಿ ಎಲ್ಲರೂ ಹೇಳುವುದು ಸಮಯಕ್ಕೆ ಮಿತಿ ಹಾಕುವ ಟೈಮ್‌ಕೆಪಿಆರ್. ಅದು ಬಳಕೆದಾರರ ಹೆಸರು ಹಿಡಿದು ಲೆಕ್ಕ ಇಡುತ್ತದೆ. ಗೆಸ್ಟ್‌ಗೆ ಪ್ರತಿ ಸಲವೂ ಹೊಸ ಹೆಸರು, ಹಾಗಾಗಿ ಮಿತಿ ಅಂಟುವುದಿಲ್ಲ. ಸರಿ, ‘ಓದುಗ’ ಅಂತ ಖಾಯಂ ಖಾತೆ ಮಾಡೋಣ ಅಂದರೆ, ಲೆಕ್ಕದ ಫೈಲು ಓವರ್‌ಲೇ ಮೇಲೆ ಕೂತಿರುತ್ತದೆ. ರೀಸ್ಟಾರ್ಟ್ ಒತ್ತಿದರೆ ಮತ್ತೆ 45 ನಿಮಿಷ. ಹುಡುಗರಿಗೆ ಇದು ಒಂದು ವಾರದಲ್ಲಿ ಗೊತ್ತಾಗುತ್ತದೆ. ಲೆಕ್ಕ ಯಂತ್ರದ ಹೊರಗೆ ಇರಬೇಕು. ಲಿಬ್ಕಿ ಎಂಬ ಓಪನ್ ಸೋರ್ಸ್ ತಂತ್ರಾಂಶ ಗ್ರಂಥಾಲಯಗಳಿಗೆಂದೇ ಮಾಡಿದ್ದು: ಕೌಂಟರ್ ಕಂಪ್ಯೂಟರಿನಲ್ಲಿ ಸರ್ವರ್, ಪ್ರತಿ ಯಂತ್ರದಲ್ಲಿ ಕ್ಲೈಂಟ್, ಸಮಯ ಇರುವುದು ಸರ್ವರಿನಲ್ಲಿ. ಮುಂದೆ ನೀವು ಗ್ರಂಥಾಲಯ ನಿರ್ವಹಣೆಯ ಕೋಹಾ ಹಾಕಿದರೆ ಎಸ್‌ಐಪಿ2 (ಗ್ರಂಥಾಲಯ ತಂತ್ರಾಂಶಗಳು ಮಾತಾಡಿಕೊಳ್ಳುವ ವಿಧಾನ) ಮೂಲಕ ಸದಸ್ಯತ್ವ ಸಂಖ್ಯೆಯನ್ನೇ ಲಾಗಿನ್ ಮಾಡಬಹುದು. ಆದರೆ 8 ಯಂತ್ರಕ್ಕೆ, ಎದುರಿಗೇ ಸಿಬ್ಬಂದಿ ಕೂತಿರುವಾಗ, ರಿಜಿಸ್ಟರಿನಲ್ಲಿ ಸಮಯ ಬರೆದುಕೊಂಡು ‘ಸರ್, ನಿಮ್ಮ ಟೈಮ್ ಆಯ್ತು’ ಅನ್ನುವುದು ಕಡಿಮೆ ಖರ್ಚಿನದ್ದು. ಸರದಿಯಲ್ಲಿ ಜನ ನಿಲ್ಲುವ ಹಾಗಾದಾಗ ಲಿಬ್ಕಿ ನೋಡಿ.

ಇದಕ್ಕಿಂತ ಮುಖ್ಯವಾದದ್ದು ಲಾಗ್ ಔಟ್ ಆಗದೆ ಎದ್ದುಹೋಗುವವರ ವಿಚಾರ. ಗೆಸ್ಟ್ ಸೆಷನ್ ಅಳಿಸುವುದು ಲಾಗ್ ಔಟ್ ಆದಾಗ, ಜನ ಮಾಡದೇ ಇರುವುದೂ ಅದನ್ನೇ. ಯಾರೂ ಮುಟ್ಟದಿದ್ದಾಗ ತೆರೆಗೆ ಬೀಗ ಹಾಕುವ ಎಕ್ಸ್‌ಆಟೋಲಾಕ್ ಹಾಕಿ, ‘ಲಾಕ್ ಮಾಡು’ ಎಂಬ ಜಾಗಕ್ಕೆ ಎಕ್ಸ್‌ಎಫ್‌ಸಿಇಯ ಲಾಗ್ ಔಟ್ ಆಜ್ಞೆಯನ್ನು ಕೊಡಿ: 10 ನಿಮಿಷ ಕೀಲಿಯನ್ನಾಗಲಿ ಮೌಸನ್ನಾಗಲಿ ಮುಟ್ಟದಿದ್ದರೆ, ಒಂದು ನಿಮಿಷ ಮೊದಲೇ ಎಚ್ಚರಿಸಿ, ಹೊರಗೆ. ‘ಫಾಸ್ಟ್’ ಆಯ್ಕೆಯನ್ನೂ ಸೇರಿಸಿ, ಇಲ್ಲದಿದ್ದರೆ ಹಳೆಯ ಸೆಷನ್ ಉಳಿಸಬೇಕೇ ಎಂಬ ವ್ಯವಹಾರಕ್ಕೆ ಇಳಿಯುತ್ತದೆ. ಸ್ಕ್ರೀನ್ ಲಾಕ್ ಪ್ಯಾಕೇಜನ್ನು ಕಿತ್ತೇ ಹಾಕಿ. ಯೂಟ್ಯೂಬ್ ಪಾಠ ನೋಡುತ್ತಾ ಕೈ ಕಟ್ಟಿ ಕೂತವರನ್ನೂ ಇದು ಹೊರಹಾಕುತ್ತದೆ, ಅದಕ್ಕೇ ಆ ಎಚ್ಚರಿಕೆ ದೊಡ್ಡ ಅಕ್ಷರದಲ್ಲಿ, ಕನ್ನಡದಲ್ಲಿ ಬರಲಿ.

ಫೈರ್‌ಫಾಕ್ಸ್‌ಗೆ ಪಾಲಿಸಿ ಫೈಲು ಬರೆಯಿರಿ. ಪಾಸ್‌ವರ್ಡ್ ಉಳಿಸುವುದು ಬಂದ್, ಫಾರ್ಮ್ ನೆನಪು ಬಂದ್, ಫೈರ್‌ಫಾಕ್ಸ್ ಖಾತೆ ಬಂದ್, ಮುಚ್ಚಿದಾಗ ಎಲ್ಲ ಅಳಿಸು. ಜೇಸನ್ ರೂಪದ ಈ ಪಾಲಿಸಿ ಫೈಲಿನ ಕೊನೆಯ ಸಾಲಿನ ನಂತರ ಒಂದು ಅಲ್ಪವಿರಾಮ ಹೆಚ್ಚಾದರೂ ಇಡೀ ಪಾಲಿಸಿ ಅನ್ವಯವಾಗುವುದಿಲ್ಲ, ತೆರೆಯ ಮೇಲೆ ದೂರೂ ಬರುವುದಿಲ್ಲ. ವಿಳಾಸದ ಪಟ್ಟಿಯಲ್ಲಿ ‘ಅಬೌಟ್ ಪಾಲಿಸೀಸ್’ ಪುಟ ತೆರೆದು ಹತ್ತಿದೆಯೇ ಎಂದು ಕಣ್ಣಾರೆ ನೋಡಿ.

ಒಂದು ಅಡ್ಡಪರಿಣಾಮ: ಪ್ರತಿ ಸೆಷನ್ನೂ ಗೂಗಲ್‌ಗೆ ಹೊಸ ಯಂತ್ರದಂತೆ ಕಾಣುತ್ತದೆ, ಪ್ರತಿ ಸಲ ಫೋನಿಗೆ ದೃಢೀಕರಣ ಕೇಳಬಹುದು. ಫೋನ್ ಮನೆಯಲ್ಲಿ ಬಿಟ್ಟು ಬಂದವರಿಗೆ ಜಿಮೇಲ್ ತೆರೆಯುವುದಿಲ್ಲ. ಬಾಗಿಲಲ್ಲೇ ಬರೆದು ಹಾಕಿ.

ಅಕ್ಷರಜೋಡಣೆ:

ಕನ್ನಡದ ಭಾಗ ನಾನು ಹೇಳುತ್ತೇನೆ.

ಬೇರೆ ಭಾಷೆಯಲ್ಲಿ ಟೈಪ್ ಮಾಡಿಸುವ ಐಬಸ್ ಮತ್ತು ಐಬಸ್-ಎಂ17ಎನ್ ಪ್ಯಾಕೇಜು ಹಾಕಿದರೆ ಕನ್ನಡಕ್ಕೆ ಹಲವು ಕೀಲಿವಿನ್ಯಾಸ ಸಿಗುತ್ತವೆ. ನುಡಿ ರೂಢಿ ಇರುವವರಿಗೆ ಬೇಕಾದದ್ದು ಕೆಜಿಪಿ, ಅಂದರೆ ಕನ್ನಡ ಗಣಕ ಪರಿಷತ್ತಿನ ವಿನ್ಯಾಸ, ಕೆ.ಪಿ. ರಾವ್ ಅವರ ಜಾಡಿನದ್ದು. ಎಫ್ ಕೀಲಿ ಒತ್ತಕ್ಷರಕ್ಕೆ, ಕ್ಯೂ ಒತ್ತಿದರೆ ಟ, ಡಬ್ಲ್ಯೂ ಒತ್ತಿದರೆ ಡ, ನುಡಿಯಲ್ಲಿ ಇದ್ದ ಹಾಗೇ. ಫೋನಿನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ ಅಭ್ಯಾಸ ಇರುವವರಿಗೆ ಐಟ್ರಾನ್ಸ್ ಕೂಡ ಸೇರಿಸಿ. ಮೂರನೆಯದು ಬೇಡ. ಪಟ್ಟಿ ಉದ್ದವಾದರೆ ಬದಲಿಸುವ ಕೀಲಿ ಒತ್ತುತ್ತಾ ಒತ್ತುತ್ತಾ ಎಲ್ಲಿದ್ದೇವೆ ಎಂದೇ ತಿಳಿಯುವುದಿಲ್ಲ.

ಗೆಸ್ಟ್ ಸೆಷನ್ನಿನಲ್ಲಿ ಈ ಆಯ್ಕೆಗಳು ಪ್ರತಿ ಸಲ ಅಳಿಸಿಹೋಗುತ್ತವೆ. ಅದಕ್ಕೆ ‘ಮಾದರಿ’ ಅಂತ ಒಂದು ಖಾತೆ ಮಾಡಿ, ಅದರಲ್ಲಿ ಐಬಸ್, ಪ್ಯಾನೆಲ್, ಡೆಸ್ಕ್‌ಟಾಪ್ ಐಕಾನ್, ಲಿಬ್ರೆಆಫೀಸ್ ಎಲ್ಲ ಹೊಂದಿಸಿ. ಆಮೇಲೆ ಈಟಿಸಿಯಲ್ಲಿ ‘ಗೆಸ್ಟ್-ಸೆಷನ್’ ಫೋಲ್ಡರ್ ಮಾಡಿ, ಅದರೊಳಗೆ ‘ಸ್ಕೆಲ್’ ಹೆಸರಿನಲ್ಲಿ ಆ ಖಾತೆಯ ಹೋಮ್ ಫೋಲ್ಡರಿಗೆ ಲಿಂಕ್ ಕೊಡಿ. ಪ್ರತಿ ಗೆಸ್ಟ್‌ಗೂ ಅದರ ನಕಲು ಸಿಗುತ್ತದೆ. ಮಾದರಿ ಖಾತೆಯಲ್ಲಿ ಫೈರ್‌ಫಾಕ್ಸ್ ತೆರೆದು ಎಲ್ಲಿಯೂ ಲಾಗಿನ್ ಆಗಬೇಡಿ, ಆ ಕುಕ್ಕಿಯೂ ಎಲ್ಲರಿಗೂ ನಕಲಾಗುತ್ತದೆ.

ಫಾಂಟ್: ಡೆಬಿಯನ್, ಉಬುಂಟು ಭಂಡಾರಗಳಲ್ಲಿ ಲೋಹಿತ್, ಗುಬ್ಬಿ, ನವಿಲು, ನೋಟೋ ಎಲ್ಲ ಇವೆ. ಇಂಗ್ಲಿಷ್ ರೆಸ್ಯೂಮೆಗೆ ಕಾರ್ಲಿಟೋ ಮತ್ತು ಕ್ಯಾಲಡೀಯಾ ಮರೆಯದೆ ಹಾಕಿ. ಇವುಗಳ ಅಕ್ಷರದ ಅಗಲ ಕ್ಯಾಲಿಬ್ರಿ, ಕೇಂಬ್ರಿಯಾಕ್ಕೆ ಸಮ. ಇಲ್ಲದಿದ್ದರೆ ವರ್ಡ್‌ನಲ್ಲಿ ಒಂದು ಪುಟ ಇದ್ದ ರೆಸ್ಯೂಮೆ ಇಲ್ಲಿ ಒಂದೂಕಾಲು ಪುಟ ಆಗುತ್ತದೆ, ‘ಲಿಬ್ರೆಆಫೀಸ್ ಹಾಳುಮಾಡಿತು’ ಅಂತ ದೂರು. ಲೋಡ್/ಸೇವ್ ಆಯ್ಕೆಯಲ್ಲಿ ಯಾವಾಗಲೂ ಡಾಕ್ಸ್ ರೂಪದಲ್ಲಿ ಉಳಿಸು ಎಂದು ಇಡಿ. ಮುಕ್ತ ತಂತ್ರಾಂಶದ ಅಭಿಮಾನಿಗಳು ಇದಕ್ಕೆ ಮೂಗು ಮುರಿಯುತ್ತಾರೆ, ಆದರೆ ಓದುಗರು ಆ ಫೈಲನ್ನು ಒಯ್ಯುವುದು ಬೇರೆಯವರ ವಿಂಡೋಸ್‌ಗೆ.

ಹಳೆಯ ನುಡಿ, ಬರಹ ಫೈಲುಗಳು ಯುನಿಕೋಡ್ ಅಲ್ಲ. ಆ ಫಾಂಟ್ ಇಲ್ಲದ ಯಂತ್ರದಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ಕಾಣುತ್ತವೆ, ಫೈಲು ಕೆಟ್ಟಿರುವುದಿಲ್ಲ. ಈ ಹಳೆಯ ಆಸ್ಕಿ ರೂಪದಿಂದ ಯುನಿಕೋಡ್‌ಗೆ ಬದಲಿಸುವ ಮುಕ್ತ ಪರಿವರ್ತಕಗಳು ಜಾಲದಲ್ಲಿವೆ. ಬದಲಿಸಿದ ಮೇಲೆ ಅರ್ಕಾವೊತ್ತು ಇರುವ ಪದಗಳನ್ನೂ ಅಂಕಿಗಳನ್ನೂ ಒಮ್ಮೆ ಓದಿ ನೋಡಲೇಬೇಕು. ನುಡಿ ತಂತ್ರಾಂಶವನ್ನೇ ಬಳಸಿ ಪರೀಕ್ಷೆ ಬರೆಯಬೇಕಾದವರಿಗೆ ಲಿನಕ್ಸಿನ ಕೆಜಿಪಿ ಸಾಲದು, ಅವರಿಗೆ ಆ ಪರದೆಯೇ ಬೇಕು. ಒಂದು ಯಂತ್ರವನ್ನು ಹಳೆಯ ವಿಂಡೋಸ್‌ನಲ್ಲೇ, ನೆಟ್ ಕೇಬಲ್ ಕಿತ್ತು, ಟೈಪಿಂಗ್ ಅಭ್ಯಾಸಕ್ಕೆ ಮಾತ್ರ ಇಟ್ಟುಕೊಳ್ಳಿ. ಇದರಲ್ಲಿ ನಾಚಿಕೆ ಏನಿಲ್ಲ.

ಓದುಮನೆ:

ತುಂಬಾ ಉಪಕಾರ. ಪ್ರಿಂಟರ್ ಬಗ್ಗೆ ಯಾರೂ ಹೇಳಲಿಲ್ಲ. ಇನ್ನೊಂದು, ಅರ್ಜಿಗೆ ಫೋಟೊ 50 ಕೆಬಿ, ಪಿಡಿಎಫ್ ಇಷ್ಟೇ ಇರಬೇಕು ಅಂತ ಇರುತ್ತದಲ್ಲ, ಅದಕ್ಕೆ ಈಗ ಎಲ್ಲರೂ ಯಾವುದೋ ವೆಬ್‌ಸೈಟಿಗೆ ಹಾಕಿ ಚಿಕ್ಕದು ಮಾಡುತ್ತಾರೆ.

ಮಸಿಕುಡಿಕೆ:

ಎರಡನೆಯದಕ್ಕೆ ಮೊದಲು ಉತ್ತರ, ಯಾಕೆಂದರೆ ಇಷ್ಟೆಲ್ಲ ಅಳಿಸುವ ವ್ಯವಸ್ಥೆ ಮಾಡಿ ಆಧಾರ್, ಅಂಕಪಟ್ಟಿಯನ್ನು ಗೊತ್ತಿಲ್ಲದ ಸೈಟಿಗೆ ಕೊಟ್ಟರೆ ಬಾಗಿಲಿಗೆ ಬೀಗ ಹಾಕಿ ಕಿಟಕಿ ತೆರೆದಿಟ್ಟಂತೆ. ಸ್ಕ್ಯಾನ್‌ಗೆ ಸಿಂಪಲ್ ಸ್ಕ್ಯಾನ್, ಪುಟ ಸೇರಿಸಲು ಬಿಡಿಸಲು ಪಿಡಿಎಫ್ ಅರೇಂಜರ್, ಫೋಟೊಗೆ ಗಿಂಪ್. ಗಿಂಪ್‌ನಲ್ಲಿ ಮೊದಲು ಸ್ಕೇಲ್ ಇಮೇಜ್‌ನಿಂದ ಅರ್ಜಿ ಕೇಳಿದ ಪಿಕ್ಸೆಲ್ ಅಳತೆಗೆ ಇಳಿಸಿ, ನಂತರ ಜೆಪೆಗ್ ಆಗಿ ಎಕ್ಸ್‌ಪೋರ್ಟ್ ಮಾಡುವಾಗ ಪ್ರಿವ್ಯೂ ಆನ್ ಮಾಡಿ. ಗುಣಮಟ್ಟದ ಗುಂಡಿ ಎಳೆದಂತೆ ಫೈಲ್ ಎಷ್ಟು ಕೆಬಿ ಆಗುತ್ತದೆಂದು ಅಲ್ಲೇ ತೋರಿಸುತ್ತದೆ. ಅಳತೆ ಇಳಿಸದೆ ಗುಣಮಟ್ಟ ಮಾತ್ರ ಇಳಿಸಿದರೆ ಮುಖವೇ ಗುರುತು ಸಿಗದ ಹಾಗೆ ಚೌಕ ಚೌಕವಾಗುತ್ತದೆ. ಪಿಡಿಎಫ್ ಚಿಕ್ಕದು ಮಾಡಲು ಗೋಸ್ಟ್‌ಸ್ಕ್ರಿಪ್ಟ್‌ನ ‘ಇಬುಕ್’ ಮಟ್ಟ ಸಾಕು, ಚಿತ್ರಗಳನ್ನು 150 ಡಿಪಿಐಗೆ ಇಳಿಸುತ್ತದೆ. ಅದನ್ನು ಬಲ ಕ್ಲಿಕ್ ಮೆನುವಿಗೆ ‘ಪಿಡಿಎಫ್ ಚಿಕ್ಕದು ಮಾಡು’ ಎಂದು ಫೈಲ್ ಮ್ಯಾನೇಜರ್ ಥುನಾರ್‌ನ ಕಸ್ಟಮ್ ಆ್ಯಕ್ಷನ್ ಆಗಿ ಸೇರಿಸಿ. ಆಜ್ಞೆ ಟೈಪ್ ಮಾಡಿ ಎಂದರೆ ಯಾರೂ ಮಾಡುವುದಿಲ್ಲ.

ಇನ್ನು ಲೇಸರ್‌ಜೆಟ್ 1020. ಈ ಮಾದರಿಯ ಫರ್ಮ್‌ವೇರ್ ಪ್ರಿಂಟರಿನೊಳಗೆ ಉಳಿಯುವುದಿಲ್ಲ, ಆನ್ ಮಾಡಿದಾಗಲೆಲ್ಲ ಕಂಪ್ಯೂಟರ್ ಕಳಿಸಬೇಕು. ಎಚ್‌ಪಿ ಪ್ರಿಂಟರ್‌ಗಳ ಡ್ರೈವರ್ ಆದ ಎಚ್‌ಪ್ಲಿಪ್ ಓಪನ್ ಸೋರ್ಸ್, ಆದರೆ ಇದಕ್ಕೆ ಬೇಕಾದ ಪ್ಲಗ್‌ಇನ್ ಅಲ್ಲ, ಅದನ್ನು ಪ್ರತ್ಯೇಕವಾಗಿ ಇಳಿಸಿಕೊಳ್ಳಬೇಕು. ಪ್ಲಗ್‌ಇನ್ ಮತ್ತು ಎಚ್‌ಪ್ಲಿಪ್ ಆವೃತ್ತಿ ಒಂದೇ ಇರಬೇಕು. ಎಚ್‌ಪ್ಲಿಪ್ ಅಪ್‌ಡೇಟ್ ಆಗಿ ಪ್ಲಗ್‌ಇನ್ ಹಳೆಯದೇ ಉಳಿದರೆ ಪ್ರಿಂಟ್ ಸರದಿಯಲ್ಲಿ ನಿಂತಿರುತ್ತದೆ, ಕಾಗದ ಹೊರಬರುವುದಿಲ್ಲ. ಹಾಗಾಗಿ ಪ್ರಿಂಟರನ್ನು ಕೌಂಟರ್ ಯಂತ್ರಕ್ಕೆ ಮಾತ್ರ ಜೋಡಿಸಿ, ಆ ಯಂತ್ರಕ್ಕೆ ಓವರ್‌ಲೇ ಹಾಕಬೇಡಿ, ಅದರಲ್ಲಿ ಎಚ್‌ಪ್ಲಿಪ್ ಪ್ಯಾಕೇಜನ್ನು ತಾನಾಗಿ ಅಪ್‌ಡೇಟ್ ಆಗದಂತೆ ಹೋಲ್ಡ್ ಮಾಡಿ. ಅಪ್‌ಡೇಟ್ ಮಾಡುವ ದಿನ ಎರಡನ್ನೂ ಒಟ್ಟಿಗೆ ಮಾಡಿ.

ಉಳಿದ ಯಂತ್ರಗಳು ಲಿನಕ್ಸಿನ ಪ್ರಿಂಟ್ ವ್ಯವಸ್ಥೆಯಾದ ಕಪ್ಸ್ ಮೂಲಕ ಕೌಂಟರಿಗೆ ಕಳಿಸಲಿ. ಪ್ರಿಂಟರಿನ ವಿಳಾಸವನ್ನು ಕೈಯಾರೆ ಸೇರಿಸಿ, ಪ್ರಿಂಟರನ್ನು ತಾನೇ ಹುಡುಕುವ ಕಪ್ಸ್-ಬ್ರೌಸ್ಡ್ ಸೇವೆಯನ್ನು ನಿಲ್ಲಿಸಿ. 2024ರ ಸೆಪ್ಟೆಂಬರಿನಲ್ಲಿ ಅದರಲ್ಲಿ ಗಂಭೀರ ಲೋಪ ಹೊರಬಿತ್ತು, ನಿಮಗೆ ಅದರ ಅಗತ್ಯವೂ ಇಲ್ಲ. ಕೌಂಟರ್ ಕಪ್ಸ್‌ನಲ್ಲಿ ಈ ಪ್ರಿಂಟರಿಗೆ ‘ಜಾಬ್ ಹೋಲ್ಡ್’ ಅನ್ನು ಅನಿರ್ದಿಷ್ಟ ಎಂದು ಇಡಿ. ಓದುಗರು ಬಂದು ದುಡ್ಡು ಕೊಟ್ಟಾಗ ಸಿಬ್ಬಂದಿ 631ನೇ ಪೋರ್ಟಿನ ಕಪ್ಸ್ ಪುಟದಲ್ಲಿ ರಿಲೀಸ್ ಒತ್ತುತ್ತಾರೆ. ಒಂದೇ ಫೈಲನ್ನು ನಾಲ್ಕು ಸಲ ಕಳಿಸಿದ ಕಾಗದವೂ ಉಳಿಯುತ್ತದೆ. ಪ್ರಿಂಟ್ ಆದ ಫೈಲು ಕಪ್ಸ್‌ನಲ್ಲಿ ಒಂದಿಷ್ಟು ಹೊತ್ತು ಹಾಗೇ ಇರುತ್ತದೆ, ಅದಕ್ಕೆ ‘ಪ್ರಿಸರ್ವ್ ಜಾಬ್ ಫೈಲ್ಸ್’ ಅನ್ನು ‘ನೋ’ ಮಾಡಿ. ಯಾರೂ ರಿಲೀಸ್ ಮಾಡದೆ ಬಿಟ್ಟ ಜಾಬುಗಳನ್ನು ಸಂಜೆ ಬಾಗಿಲು ಹಾಕುವಾಗ ಕ್ಯಾನ್ಸಲ್ ಮಾಡಲು ಸಿಬ್ಬಂದಿಗೆ ಹೇಳಿ.

ಯುಪಿಎಸ್ ಬಗ್ಗೆಯೂ ಒಂದು ಮಾತು: ಲೇಸರ್ ಪ್ರಿಂಟರನ್ನು ಕಂಪ್ಯೂಟರಿನ 600 ವಿಎ ಯುಪಿಎಸ್‌ಗೆ ಸಿಕ್ಕಿಸಬೇಡಿ. ಬಿಸಿಯಾಗುವ ಹೊತ್ತಿಗೆ ಅದು ಎಳೆಯುವ ಕರೆಂಟ್‌ಗೆ ಯುಪಿಎಸ್ ಓವರ್‌ಲೋಡ್ ಆಗಿ ಕಂಪ್ಯೂಟರನ್ನೂ ಆರಿಸುತ್ತದೆ. ನೇರ ಗೋಡೆಯ ಸಾಕೆಟ್ ಸಾಕು.

ಪೆನ್‌ಡ್ರೈವ್: ವಿಂಡೋಸಿನ ಶಾರ್ಟ್‌ಕಟ್ ವೈರಸ್ ಇಲ್ಲಿ ಓಡುವುದಿಲ್ಲ, ಆದರೆ ಪೆನ್‌ಡ್ರೈವ್‌ನಲ್ಲೇ ಇದ್ದು ಮನೆಗೆ ಹೋಗುತ್ತದೆ. ಕೌಂಟರಿನಲ್ಲಿ ವೈರಸ್ ಹುಡುಕುವ ಕ್ಲಾಮ್‌ಎವಿ ಇದ್ದರೆ ಕೇಳಿದವರಿಗೆ ಸ್ಕ್ಯಾನ್ ಮಾಡಿಕೊಡಬಹುದು. ಎಲ್ಲ ಯಂತ್ರಗಳಲ್ಲಿ ಬೇಡ, ಅದು ಒಂದು ಜಿಬಿಗೂ ಹೆಚ್ಚು ರ‍್ಯಾಮ್ ತಿನ್ನುತ್ತದೆ. ನಿಜವಾದ ತಲೆನೋವು ಇಜೆಕ್ಟ್ ಮಾಡದೆ ಕೀಳುವುದು. ಫೈಲು ಕಾಣುತ್ತದೆ, ಮನೆಗೆ ಹೋಗಿ ತೆರೆದರೆ ಖಾಲಿ. ಫ್ಯಾಟ್ ಡ್ರೈವ್‌ಗಳಿಗೆ ಪೆನ್‌ಡ್ರೈವ್ ಜೋಡಿಸುವ ಯುಡಿಸ್ಕ್ಸ್ ತಾನೇ ಬೇಗ ಬರೆಯುತ್ತದೆ, ಎಕ್ಸ್‌ಫ್ಯಾಟ್ ಮತ್ತು ಎನ್‌ಟಿಎಫ್‌ಎಸ್‌ಗೆ ಅದರ ಮೌಂಟ್ ಆಯ್ಕೆಗಳ ಫೈಲಿನಲ್ಲಿ ‘ಸಿಂಕ್’ (ಕೂಡಲೇ ಬರೆ) ಸೇರಿಸಿ. ಕಾಪಿ ನಿಧಾನವಾಗುತ್ತದೆ, ಆಗಲಿ.

ಗ್ರಂಥಪಾಲಕಿ:

ರಿಜಿಸ್ಟರಿನ ವಿಚಾರ ಬಂದದ್ದಕ್ಕೆ ಒಂದು ಸೇರಿಸುತ್ತೇನೆ. 2011ರ ಸೈಬರ್ ಕೆಫೆ ನಿಯಮಗಳು ಗುರುತಿನ ಚೀಟಿ ನೋಡುವುದು, ಲಾಗ್ ರಿಜಿಸ್ಟರನ್ನು ಕನಿಷ್ಠ 1 ವರ್ಷ ಇಡುವುದು, ಭೇಟಿ ಕೊಟ್ಟ ಸೈಟುಗಳ ಇತಿಹಾಸ ಇಡುವುದು ಎಲ್ಲವನ್ನೂ ಕೇಳುತ್ತವೆ. ಅವು ವ್ಯವಹಾರವಾಗಿ ಇಂಟರ್ನೆಟ್ ಕೊಡುವವರಿಗೆ ಎಂದು ವ್ಯಾಖ್ಯೆಯಲ್ಲಿದೆ. ನಿಮ್ಮ ಸಂಘ ಗಂಟೆಗೆ ಇಷ್ಟು ಎಂದು ಹಣ ತೆಗೆದುಕೊಳ್ಳುತ್ತಿದ್ದರೆ ವಕೀಲರೊಬ್ಬರನ್ನು ಕೇಳಿಯೇ ಮುಂದುವರಿಯಿರಿ. ಯಾಕೆಂದರೆ ಮೇಲೆ ಹೇಳಿದ ಓವರ್‌ಲೇ ಯಂತ್ರದ ಲಾಗನ್ನೂ ಅಳಿಸುತ್ತದೆ. ಲಾಗ್ ಇಡಲೇಬೇಕೆಂದಾದರೆ ಲಾಗ್ ರವಾನಿಸುವ ಆರ್‌ಸಿಸ್‌ಲಾಗ್‌ನಿಂದ ಕೌಂಟರ್ ಯಂತ್ರಕ್ಕೆ ಕಳಿಸಬೇಕು, ಸೈಟುಗಳ ಇತಿಹಾಸ ಬೇಕೆಂದರೆ ಎಲ್ಲ ಜಾಲಸಂಚಾರ ಹಾದುಹೋಗುವ ಪ್ರಾಕ್ಸಿಯೇ ಬೇಕು. ಉಚಿತವಾಗಿ ಕೊಡುತ್ತಿದ್ದರೂ ಹೆಸರು, ಯಂತ್ರದ ಸಂಖ್ಯೆ, ಬಂದ ಹೋದ ಸಮಯ ಬರೆಸುವುದು ಒಳ್ಳೆಯದು. ಆಧಾರ್ ಸಂಖ್ಯೆ ಬರೆಸಬೇಡಿ, ಆ ಪುಸ್ತಕ ಎಲ್ಲರ ಕಣ್ಣಿಗೂ ಬೀಳುವ ಜಾಗದಲ್ಲಿರುತ್ತದೆ.

ಕಣ್ಣು ಕಾಣದ ಓದುಗರಿಗಾಗಿ ಒಂದು ಯಂತ್ರದಲ್ಲಿ ತೆರೆಯನ್ನು ಓದಿ ಹೇಳುವ ಓರ್ಕಾ ಹಾಕಿ, ಅದಕ್ಕೆ ಧ್ವನಿ ಕೊಡುವ ಇಸ್ಪೀಕ್-ಎನ್‌ಜಿಯಲ್ಲಿ ಕನ್ನಡ ಧ್ವನಿ ಇದೆ. ಧ್ವನಿ ಯಾಂತ್ರಿಕವೇ, ಆದರೆ ವಿಂಡೋಸಿನಲ್ಲಿ ಇದೇ ಕೆಲಸ ಮಾಡುವ ಎನ್‌ವಿಡಿಎ ಬಳಸಿದವರಿಗೆ ಅದೇ ಧ್ವನಿ ಪರಿಚಯ. ಎಕ್ಸ್‌ಎಫ್‌ಸಿಇಯಲ್ಲಿ ಓರ್ಕಾ ಶುರುಮಾಡುವ ಕೀಲಿಯನ್ನು ನೀವೇ ಮಾದರಿ ಖಾತೆಯಲ್ಲಿ ಕೊಡಬೇಕು. ಸೂಪರ್, ಆಲ್ಟ್, ಎಸ್ ಕೊಡಿ, ಬೇರೆ ಕಡೆಯೂ ಅದೇ ಇರುವುದರಿಂದ ಅವರ ಬೆರಳಿಗೆ ಗೊತ್ತಿರುತ್ತದೆ. ಹೆಡ್‌ಫೋನ್ ಜ್ಯಾಕ್ ಮುಂಭಾಗದ್ದು ಕೆಲಸ ಮಾಡುತ್ತದೆಯೇ ಎಂದು ಮೊದಲೇ ನೋಡಿ. ಹಳೆಯ ಡಬ್ಬಿಗಳಲ್ಲಿ ಅದರ ತಂತಿಯನ್ನು ಬೋರ್ಡಿಗೆ ಸಿಕ್ಕಿಸಿಯೇ ಇರುವುದಿಲ್ಲ.

ತಂತಿಜಾಲ:

ಗ್ರಂಥಪಾಲಕಿ ಮೇಡಂ ಹೇಳಿದ ಆರ್‌ಸಿಸ್‌ಲಾಗ್ ಹಾಕುವುದಾದರೆ ಅದನ್ನೂ ಕ್ಲೋನ್ ಮಾಡುವ ಮುಂಚೆಯೇ ಹಾಕಿಬಿಡಿ. ಕೌಂಟರ್ ಯಂತ್ರಕ್ಕೆ ರೂಟರಿನಲ್ಲಿ ಖಾಯಂ ಐಪಿ ಕೊಡಿ. ಲಾಗ್, ಪ್ರಿಂಟ್, ಮುಂದೆ ಲಿಬ್ಕಿ, ಮೂರೂ ಆ ಒಂದೇ ವಿಳಾಸವನ್ನು ಹುಡುಕಿಕೊಂಡು ಬರುತ್ತವೆ.